ಡಬ್ಬಿಗೆ ಉಗುಳುವ ಮುಂಚೆ

ನಮ್ಮ ಕಡೆ ಮದುವೆ ವಯಸ್ಸಿನ ಹೆಣ್ಣುಮಗಳಿರುವ ಮನೆಯಲ್ಲಿ ಈಗ ಮೊದಲು ತಯಾರಾಗುವುದು ಬಯೋಡೇಟಾ. ಎತ್ತರ ಎಷ್ಟು, ಓದು ಎಷ್ಟು, ನಕ್ಷತ್ರ ಯಾವುದು, ವಂಶದ ಬೆಡಗು ಯಾವುದು, ಜೊತೆಗೆ ಸೀರೆ ಉಟ್ಟ ಒಂದು ಫೋಟೋ. ಹುಡುಗಿ ಇನ್ನೂ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿರುತ್ತಾಳೆ, ಅವಳ ಫೋಟೋ ಆಗಲೇ ಶಿರಾ ದಾಟಿ ಪಾವಗಡ ಸೇರಿರುತ್ತದೆ. ಇದರಲ್ಲಿ ಹೊಸದೇನಿಲ್ಲ, ನಿಮ್ಮ ಮನೆಯಲ್ಲೂ ನಡೆದಿರುತ್ತದೆ. ಹೊಸದಾಗಿ ಬಂದಿರುವುದು ಒಂದು ಡಬ್ಬಿ. ಆ ಡಬ್ಬಿಯ ಕಥೆ ಹೇಳುತ್ತೇನೆ. ಕೇಳಿ ಸಂತೋಷಪಡುವಂಥ ಕಥೆಯಲ್ಲ.

ನಾನು ಅನುಷಾ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಆಶಾ ಅಕ್ಕ ಬಂದು ತಿಳಿಯದವರಿಗೆ ತಿಳಿಸಿ ಹೇಳುತ್ತಾಳೆ, ಮನೆಯವರು ತಲೆಯಾಡಿಸುತ್ತಾರೆ, ಎಲ್ಲರಿಗೂ ಒಳ್ಳೆಯದಾಗುತ್ತದೆ. ಈ ಕಥೆಯಲ್ಲಿ ಆಶಾ ಅಕ್ಕನಿಗೇ ತಿಳಿದಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ರುದ್ರಯ್ಯನವರದು ನಮ್ಮೂರಲ್ಲಿ ಹುಣಸೆಹಣ್ಣಿನ ವ್ಯಾಪಾರ. ಹಣ್ಣಿನ ಕಾಲದಲ್ಲಿ ಅವರ ಮನೆ ಮುಂದಿನ ಚಪ್ಪರದಲ್ಲಿ ಹತ್ತಿಪ್ಪತ್ತು ಹೆಂಗಸರು ಕೂತು ಬೀಜ ಬಿಡಿಸುತ್ತಾರೆ. ಮಹಿಳಾ ಸಂಘದ ಸಭೆಗಿಂತ ಅಲ್ಲೇ ಜನ ಹೆಚ್ಚು ಸಿಗುವುದರಿಂದ ನಾನೂ ರಿಜಿಸ್ಟರ್ ಹಿಡಿದು ಅಲ್ಲಿಗೇ ಹೋಗುತ್ತೇನೆ. ಅವರ ಹೆಂಡತಿ ದಾಕ್ಷಾಯಣಮ್ಮನಿಗೆ ಒಂದು ಸ್ವಭಾವ. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ನಾಲ್ಕು ಜನಕ್ಕೆ ತೋರಿಸದೆ ಸಮಾಧಾನವಿಲ್ಲ. ದೊಡ್ಡ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಮಾರ್ಕ್ಸ್ ಕಾರ್ಡಿನ ಜೆರಾಕ್ಸಿಗೆ ಲ್ಯಾಮಿನೇಷನ್ ಮಾಡಿಸಿ ಚಪ್ಪರದ ಕಂಬಕ್ಕೆ ತೂಗುಹಾಕಿದ್ದರು. ಎಂಟು ದಿನ ಅದನ್ನು ಓದದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

ಆ ಮಗಳೇ ಲೋಹಿತಾ. ಬಿ.ಎಡ್. ಮುಗಿಸಿ ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಾತು ಕಡಿಮೆ. ಚಿಕ್ಕವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಲೋಹಿತಾಳಿಗೆ ಶಿರಾ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನನ್ನು ಗೌರೀಶ್ ಎಂದು ಕರೆಯೋಣ, ಅದು ಅವನ ನಿಜವಾದ ಹೆಸರಲ್ಲ. ಪಾವಗಡ ತಾಲ್ಲೂಕು ಬಲಸಮುದ್ರದ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಬಂದು ನೋಡಿಕೊಂಡು ಹೋದರು. ಹುಡುಗ ಹುಡುಗಿ ಫೋನ್ ನಂಬರ್ ತೆಗೆದುಕೊಂಡರು. ಅವನು ದಿನಾ ಸಂಜೆ ಸೋಲಾರ್ ಹಲಗೆಗಳ ಕೆಳಗೆ ಮೇಯುವ ಕುರಿಗಳ ಫೋಟೋ ಕಳಿಸುತ್ತಿದ್ದನಂತೆ. ಕುರಿ ಫೋಟೋ ನೋಡಿ ನಗುವಂಥದ್ದೇನಿದೆ ಎಂದು ನಾನು ಒಂದು ದಿನ ಛೇಡಿಸಿದ್ದೆ. ಲೋಹಿತಾ ಕೆಂಪಗಾಗಿ ಎದ್ದು ಒಳಗೆ ಹೋದಳು. ಆ ಹುಡುಗಿ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಆದರೆ ಹುಡುಗನ ಕಡೆಯವರು ಮೂರು ವಾರವಾದರೂ ಒಂದು ಮಾತು ಹೇಳಲಿಲ್ಲ. ಯೋಚನೆ ಮಾಡಿ ಹೇಳುತ್ತೇವೆ ಎನ್ನುತ್ತಿದ್ದರು. ಪಾವಗಡ ಕಡೆಯ ಇನ್ನೊಂದು ಹೆಣ್ಣನ್ನೂ ನೋಡಿದ್ದಾರಂತೆ ಎಂಬ ಸುದ್ದಿ ಬಂತು. ದಾಕ್ಷಾಯಣಮ್ಮನಿಗೆ ಊಟ ಸೇರದಂತಾಯಿತು. ಒಂದು ಶುಕ್ರವಾರ ಬಸ್ಸು ಹತ್ತಿ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತು ಬರಲು ಹೋದರು. ಬರುವಾಗ ಕೈಯಲ್ಲಿ ಪ್ರಸಾದದ ಜೊತೆ ಒಂದು ಡಬ್ಬಿ ಇತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಕಂಪನಿಯವರು ಶಾಮಿಯಾನ ಹಾಕಿ ಕೂತಿದ್ದರಂತೆ. ಬಿಳಿ ಕೋಟು ಹಾಕಿದ ಹುಡುಗ ಎಲ್ಲರಿಗೂ ಪುಕ್ಕಟೆ ಬಿ.ಪಿ. ನೋಡಿ, ಆಮೇಲೆ ಡಬ್ಬಿ ತೋರಿಸುತ್ತಿದ್ದನಂತೆ. ಮನೆಯಲ್ಲೇ ಕೂತು ಇದರೊಳಗಿನ ಕೊಳವೆಗೆ ಉಗುಳಿ ಕೊರಿಯರ್ ಮಾಡಿದರೆ ಸಾಕು, ನಿಮ್ಮ ಮಗಳ ಮೈಯ ಜಾತಕವೇ ಬರುತ್ತದೆ, ಗಂಡಿನ ಕಡೆಯವರು ಇದನ್ನು ನೋಡಿದರೆ ಎರಡು ಮಾತಾಡುವುದಿಲ್ಲ ಎಂದು ಅವನು ಹೇಳಿದನಂತೆ. ದಾಕ್ಷಾಯಣಮ್ಮನಿಗೆ ಬೇಕಾಗಿದ್ದದ್ದೂ ಅದೇ ಮಾತು.

ಭಾನುವಾರ ಬೆಳಿಗ್ಗೆ ನನಗೆ ಕರೆ ಬಂತು. ಡಬ್ಬಿಯ ಜೊತೆ ಒಂದು ಆಪ್ ತುಂಬಬೇಕಿತ್ತು, ಊರಲ್ಲಿ ಆಪ್ ಎಂದರೆ ನಾನೇ. ಹೋದಾಗ ಲೋಹಿತಾ ಗೋಡೆಗೆ ಒರಗಿ ಕೂತಿದ್ದಳು. ನನಗೆ ಯಾವ ಕಾಯಿಲೆಯೂ ಇಲ್ಲ, ಅವರೂ ಏನೂ ಕೇಳಿಲ್ಲ, ಇದು ಯಾಕೆ ಎಂದು ಅವಳು ಎರಡು ಸಲ ಹೇಳಿದ್ದಳಂತೆ. ತಾಯಿ ಕೇಳಲಿಲ್ಲ.

"ರಕ್ತ ತೆಗೀತಾರಾ, ಸೂಜಿ ಚುಚ್ತಾರಾ? ಉಗಿಯೋದು ತಾನೆ. ಅದ್ರಾಗೆ ಹೋಗೋದೇನೈತೆ," ಎಂದರು ದಾಕ್ಷಾಯಣಮ್ಮ. ನನ್ನ ಕಡೆ ತಿರುಗಿ, "ನೀನೇ ಹೇಳು ಕಣಮ್ಮ, ಏನಾರಾ ಆಯ್ತದಾ ಇದ್ರಿಂದ?" ಎಂದು ಕೇಳಿದರು.

ನಾನು ಏನು ಹೇಳಬೇಕಾಗಿತ್ತು ಎಂಬುದು ಇವತ್ತು ಗೊತ್ತಿದೆ. ಎಂಜಲೆಂದರೆ ಬರೀ ಎಂಜಲಲ್ಲ, ಅದರಲ್ಲಿ ಡಿಎನ್‌ಎ ಎಂಬ ವಂಶದ ಬರಹ ಇರುತ್ತದೆ, ಅರ್ಧ ತಾಯಿಯಿಂದ ಬಂದದ್ದು, ಅರ್ಧ ತಂದೆಯಿಂದ ಬಂದದ್ದು. ಒಬ್ಬಳು ಉಗುಳಿದರೆ ಅವಳ ಜೊತೆ ತಂಗಿಯದು, ಅತ್ತೆ ಮಕ್ಕಳದು, ಇನ್ನೂ ಹುಟ್ಟದ ಮಕ್ಕಳದು ಕೂಡ ಸ್ವಲ್ಪ ಸ್ವಲ್ಪ ಆ ಕೊಳವೆಯೊಳಗೆ ಹೋಗುತ್ತದೆ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಇದನ್ನು ಬದಲಿಸಲಾಗುವುದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವತ್ತು ಇದು ನನಗೂ ಗೊತ್ತಿರಲಿಲ್ಲ, ಮೇಲೆ ಕ್ಷಯ ರೋಗದ ಸರ್ವೆ ಇತ್ತು, ಮೂವತ್ತು ಮನೆ ಬಾಕಿ ಇತ್ತು. "ಏನಾಗಲ್ಲ ಬುಡಿ ದಾಕ್ಷಾಯಣಮ್ಮೋರೆ, ಬೇಗ ಮುಗಿಸ್ಬುಡಾನ," ಎಂದೆ.

ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ನೀರೂ ಕುಡಿಯಬಾರದು. ಲೋಹಿತಾಳ ಬಾಯಿ ಒಣಗಿತ್ತು, ಕೊಳವೆಯ ಗೆರೆ ತುಂಬಲಿಲ್ಲ. ಆಗ ದಾಕ್ಷಾಯಣಮ್ಮ ಚಪ್ಪರದಿಂದ ಒಂದು ಹಿಡಿ ಹೊಸ ಹುಣಸೆಹಣ್ಣು ತಂದು ಅವಳ ಮುಂದೆ ಇಟ್ಟು, ತಿನ್ನಬೇಡ, ಸುಮ್ಮನೆ ನೋಡುತ್ತ ಕೂತಿರು ಎಂದರು. ಎಲ್ಲರೂ ನಕ್ಕೆವು, ಲೋಹಿತಾ ಕೂಡ ನಕ್ಕಳು. ಬಾಯಲ್ಲಿ ನೀರೂರಿತು. ಕೊಳವೆ ತುಂಬಿತು.

ನಾನು ದಾಕ್ಷಾಯಣಮ್ಮನ ಮೊಬೈಲಿನಲ್ಲಿ ಆಪ್ ತುಂಬುತ್ತಿದ್ದೆ. ರಿಪೋರ್ಟ್ ಯಾರ ನಂಬರಿಗೆ ಬರಲಿ ಎಂದು ಕೇಳಿದೆ. ನಂದೇ ಹಾಕು ಎಂದು ದಾಕ್ಷಾಯಣಮ್ಮ ಹೇಳಿದರು, ಅದನ್ನೇ ಹಾಕಿದೆ. ಆಮೇಲೆ ಇಂಗ್ಲಿಷಿನಲ್ಲಿ ಉದ್ದದ ಬರಹ, ಕೆಳಗೆ ಐದು ಚೌಕ. ನಾನು ದಿನಕ್ಕೆ ನಾಲ್ಕು ಆಪ್ ತುಂಬುವವಳು. ಟಿಕ್ ಮಾಡದಿದ್ದರೆ ಅವು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಚೌಕ ಕಂಡರೆ ಬೆರಳು ತಾನಾಗಿ ಒತ್ತುತ್ತದೆ. ಐದನ್ನೂ ಒತ್ತಿದೆ. ಆ ಐದರಲ್ಲಿ ಮೊದಲನೆಯದೊಂದೇ ಕಡ್ಡಾಯವಾಗಿತ್ತು, ಉಳಿದ ನಾಲ್ಕನ್ನು ಖಾಲಿ ಬಿಡಬಹುದಿತ್ತು.

ಐದು ವಾರದ ಮೇಲೆ, ಶಿರಾದವರು ಇನ್ನೂ ಯೋಚನೆಯಲ್ಲೇ ಇರುವಾಗ, ಮೂವತ್ತನಾಲ್ಕು ಪುಟದ ರಿಪೋರ್ಟ್ ಬಂತು, ಪೂರ್ತಿ ಇಂಗ್ಲಿಷ್. ಮೊದಲ ಪುಟದಲ್ಲಿ ಲೋಹಿತಾಳ ಹೆಸರು, ಹಸಿರು ಬಣ್ಣದ ದೊಡ್ಡ ವೃತ್ತ, ಅದರೊಳಗೆ ನೂರಕ್ಕೆ ತೊಂಬತ್ತೊಂದು. ದಾಕ್ಷಾಯಣಮ್ಮ ಮೊಬೈಲ್ ಹಿಡಿದುಕೊಂಡು ರಸ್ತೆಗೇ ಬಂದು ನನಗೆ ತೋರಿಸಿದರು. ನಾನು ಮೊದಲ ಪುಟ ನೋಡಿದೆ. ಚೆನ್ನಾಗಿದೆ ಎಂದೆ. ಎರಡನೇ ಪುಟಕ್ಕೆ ಹೋಗಲಿಲ್ಲ.

ಲೋಹಿತಾ ಆಗ ಶಾಲೆಯಲ್ಲಿದ್ದಳು. ಅವಳು ಬರುವವರೆಗೆ ತಾಯಿಗೆ ತಡೆಯಲಾಗಲಿಲ್ಲ. ಮಾರ್ಕ್ಸ್ ಕಾರ್ಡ್ ಕಂಬಕ್ಕೆ ತೂಗುಹಾಕಿದ ಕೈಯೇ ಅಲ್ಲವೆ ಅದು. ನಾಲ್ಕು ತಾಲ್ಲೂಕಿನ ವಧೂವರರ ಬಳಗ ಎಂದು ಒಂದು ವಾಟ್ಸಾಪ್ ಗ್ರೂಪ್ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅವರ ಜನವೆಲ್ಲ ಅದರಲ್ಲಿದ್ದಾರೆ, ಐನೂರಕ್ಕೆ ಹತ್ತಿರ. ಕೊರಟಗೆರೆಯ ರುದ್ರಮುನಿ ಎಂಬ ನಿವೃತ್ತ ಮೇಷ್ಟ್ರು ಅದನ್ನು ನಡೆಸುತ್ತಾರೆ. ಗೌರೀಶನ ತಾಯಿಯೂ ಅದರಲ್ಲಿದ್ದರು. ದಾಕ್ಷಾಯಣಮ್ಮ ಲೋಹಿತಾಳ ಬಯೋಡೇಟಾದ ಕೆಳಗೆ ಆ ಮೂವತ್ತನಾಲ್ಕು ಪುಟವನ್ನೂ ಹಾಕಿ, ಎರಡು ಕೈ ಮುಗಿದ ಚಿತ್ರ ಹಾಕಿದರು.

ಹತ್ತೊಂಬತ್ತನೇ ಪುಟದಲ್ಲಿ ಕೆಂಪು ಅಕ್ಷರದ ಒಂದು ಸಾಲಿತ್ತು. ಶಿರಾದ ಔಷಧಿ ಅಂಗಡಿಯವರೊಬ್ಬರು ಅದನ್ನು ಓದಿ ಗ್ರೂಪಿನಲ್ಲಿ ಬರೆದರು: ಹುಡುಗಿಗೆ ಥಲಸ್ಸೇಮಿಯಾ ಇದೆ, ರಕ್ತದ ಕಾಯಿಲೆ, ಹತ್ತೊಂಬತ್ತನೇ ಪುಟ ನೋಡಿ. ಅವರು ಕೆಟ್ಟವರಲ್ಲ, ನಾಲ್ಕು ಜನಕ್ಕೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಆ ಪುಟದಲ್ಲಿ ನಿಜವಾಗಿ ಇದ್ದದ್ದು ಕಾಯಿಲೆಯಲ್ಲ, ಕಾಯಿಲೆಯ ವಾಹಕ ಎಂಬ ಮಾತು. ಎರಡಕ್ಕೂ ಇರುವ ವ್ಯತ್ಯಾಸ ಯಾರಿಗೆ ಬೇಕಿತ್ತು. ಒಬ್ಬರು ಅಯ್ಯೋ ಪಾಪ ಎಂದು ಬರೆದರು. ಇನ್ನೊಬ್ಬರು ಇದು ಅಂಟುತ್ತದೆಯೆ ಎಂದು ಕೇಳಿದರು. ಎರಡು ಗಂಟೆ ಬಿಟ್ಟು ರುದ್ರಮುನಿ ಮೇಷ್ಟ್ರು ಗ್ರೂಪಿನಿಂದ ಅದನ್ನು ಅಳಿಸಿದರು. ಅಷ್ಟರಲ್ಲಿ ಅದು ಎಷ್ಟು ಮೊಬೈಲಿನಲ್ಲಿ ಇಳಿದಿತ್ತೋ ದೇವರಿಗೇ ಗೊತ್ತು.

ಲೋಹಿತಾಳಿಗೆ ಇದು ಗೊತ್ತಾದದ್ದು ಶಾಲೆಯಲ್ಲಿ. ಜೊತೆಯ ಶಿಕ್ಷಕಿಯೊಬ್ಬರ ನೆಂಟರು ಆ ಗ್ರೂಪಿನಲ್ಲಿದ್ದರು. ಅವರು ತಮ್ಮ ಮೊಬೈಲ್ ತೆಗೆದು, ಇದು ನಿಮ್ಮದೇ ಅಲ್ಲವೆ ಮೇಡಂ ಎಂದು ಕೇಳಿದರಂತೆ. ನಾಲ್ಕು ಗಂಟೆ ಬಸ್ಸಿಗೆ ಬಂದಳು. ನಾನು ಚಪ್ಪರದಲ್ಲೇ ಕೂತಿದ್ದೆ, ಬೀಜ ಬಿಡಿಸುವ ಹೆಂಗಸರೂ ಇದ್ದರು. ಅವಳು ಬ್ಯಾಗು ಕೂಡ ಕೆಳಗಿಡಲಿಲ್ಲ.

"ಅಮ್ಮ, ನನ್ನ ರಿಪೋರ್ಟ್ ಬಂದಿದ್ಯಂತೆ," ಎಂದಳು. "ನಾನೂ ಒಂದ್ಸಲ ನೋಡ್ಬೋದಾ?"

ದಾಕ್ಷಾಯಣಮ್ಮ ಮೊಬೈಲ್ ಅವಳ ಕೈಗೆ ಕೊಟ್ಟರು. ಅವರಿಗೆ ಆಗಲೇ ಮೂರು ಕಡೆಯಿಂದ ಫೋನ್ ಬಂದು ಆಗಿತ್ತು. ಲೋಹಿತಾ ಮೆಟ್ಟಿಲ ಮೇಲೆ ಕೂತು ಮೂವತ್ತನಾಲ್ಕು ಪುಟವನ್ನೂ ಓದಿದಳು. ನಾವ್ಯಾರೂ ಎದ್ದು ಹೋಗಲೂ ಆಗದೆ, ಕೂರಲೂ ಆಗದೆ ಬೀಜ ಬಿಡಿಸುತ್ತ ಕೂತೆವು.

ಮೂರನೇ ದಿನ ಶಿರಾದಿಂದ ಗೌರೀಶನ ತಾಯಿ ಫೋನ್ ಮಾಡಿದರು. ರಿಪೋರ್ಟಿನ ಮಾತೇ ಎತ್ತಲಿಲ್ಲ. ಮನೆದೇವರಲ್ಲಿ ಹೂ ಕೇಳಿದೆವು, ಎಡಕ್ಕೆ ಬಿತ್ತು, ದೇವರೇ ಬೇಡ ಅಂದ ಮೇಲೆ ನಮ್ಮದೇನಿದೆ ಎಂದರು. ನಮ್ಮ ಕಡೆ ದೇವರ ಮೇಲೆ ಹೂ ಇಟ್ಟು ಅಪ್ಪಣೆ ಕೇಳುವುದು, ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ ಎಂದು ತಿಳಿಯುವುದು ಎಲ್ಲರ ಮನೆಯಲ್ಲೂ ಉಂಟು. ಅದರ ಮೇಲೆ ಜಗಳ ಮಾಡುವಂತಿಲ್ಲ. ದಾಕ್ಷಾಯಣಮ್ಮ ಆಗಲಿ ತಾಯಿ ಎಂದು ಫೋನ್ ಇಟ್ಟರು. ಆ ಸಂಜೆಯಿಂದ ಕುರಿಗಳ ಫೋಟೋ ಬರುವುದೂ ನಿಂತಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆ ಅದು ನಮ್ಮ ತಪ್ಪು. ರುದ್ರಯ್ಯನವರ ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನವರು ನಿಮ್ಮ ಹುಡುಗಿಯೂ ಅದೇ ವಂಶವಲ್ಲವೆ, ಅವಳೂ ಉಗುಳಿ ರಿಪೋರ್ಟ್ ತರಲಿ ಎಂದರು. ಆ ತಂಗಿ ಬಂದು ಅಣ್ಣನ ಮನೆಯ ಜಗಲಿಯಲ್ಲೇ ನಿಂತು, ಇದು ನಮ್ಮ ಮನೆಯದಲ್ಲ, ಅತ್ತಿಗೆಯ ತವರಿನ ಬಳುವಳಿ ಎಂದು ಹೇಳಿ ಒಳಗೂ ಬಾರದೆ ಹೋದರು. ಅದು ಯಾರ ಕಡೆಯಿಂದ ಬಂತೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡತಿ ಒಂದು ತಿಂಗಳು ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದರು. ಕಾಲೇಜಿಗೆ ಹೋಗುವ ಚಿಕ್ಕ ಮಗಳಿಗೂ ಕೇಳುವವರು ಕೇಳಿದರು, ನಿನಗೂ ಇದೆಯಾ ಎಂದು. ಅವಳು ಆ ಡಬ್ಬಿಯನ್ನು ಮುಟ್ಟಿಯೂ ಇರಲಿಲ್ಲ.

ಇದರ ಮಧ್ಯೆ ದಾಕ್ಷಾಯಣಮ್ಮನ ಮೊಬೈಲಿಗೆ ಯಾರ್ಯಾರೋ ಫೋನ್ ಮಾಡತೊಡಗಿದರು. ನಿಮ್ಮ ಮಗಳ ರಕ್ತದ ತೊಂದರೆಗೆ ನಮ್ಮ ಪುಡಿ ತಗೊಳ್ಳಿ ಎಂದು ಒಬ್ಬಳು ಹೆಸರು ಹಿಡಿದು ಮಾತಾಡಿದಳು. ಇವರಿಗೆಲ್ಲ ಹೇಗೆ ಗೊತ್ತಾಯಿತು ಎಂದು ದಾಕ್ಷಾಯಣಮ್ಮ ನನ್ನನ್ನು ಕೇಳಿದರು. ನನಗೂ ಆಗ ಗೊತ್ತಿರಲಿಲ್ಲ.

ನಾನು ಲೋಹಿತಾಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಉಗುಳಿ ಮಾಡಿಸಿದ ಪರೀಕ್ಷೆಯನ್ನೇ ನಂಬಿ ಕೂರಬಾರದು ಎಂದು ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದರು. ಅದೂ ಬಂತು. ಲೋಹಿತಾ ವಾಹಕಿ ಎಂಬುದು ನಿಜ. ವಾಹಕಿ ಎಂದರೆ ಏನು ಎಂದು ಅವರು ಚೆನ್ನಾಗಿ ಬಿಡಿಸಿ ಹೇಳಿದರು. ಅವಳಿಗೆ ಕಾಯಿಲೆ ಇಲ್ಲ, ಬರುವುದೂ ಇಲ್ಲ, ಯಾರಿಗೂ ಅಂಟುವುದಿಲ್ಲ. ಮದುವೆಯಾಗಬಹುದು, ಮಕ್ಕಳೂ ಆಗಬಹುದು. ಕಟ್ಟಿಕೊಳ್ಳುವ ಗಂಡನೂ ವಾಹಕನಾಗಿದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಆ ಕಾಯಿಲೆ ಬರುವ ಸಂಭವ ಉಂಟು. ಅದಕ್ಕೆ ಗಂಡಿನ ರಕ್ತ ಒಂದು ಸಲ ಪರೀಕ್ಷೆ ಮಾಡಿದರೆ ಆಯಿತು.

"ಇದು ನಿಂಗೆ, ನಿನ್ನ ಗಂಡ ಆಗೋನಿಗೆ, ನಂಗೆ, ಮೂರು ಜನಕ್ಕೆ ಗೊತ್ತಿರಬೇಕಾದ ವಿಷಯ ಕಣಮ್ಮ," ಎಂದರು ಡಾಕ್ಟರಮ್ಮ. "ಯಾಕಮ್ಮ ಊರಿಗೆಲ್ಲ ಕೊಟ್ಟೆ?"

ಲೋಹಿತಾ ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ತಾಯಿಯ ಹೆಸರೂ ಎತ್ತಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ.

ಮೂರು ಜನಕ್ಕೆ ಎಂಬ ಮಾತು ಹಿಡಿದುಕೊಂಡು ನಾನು ಲೋಹಿತಾಳಿಗೆ ಹೇಳಿಯೇ ಗೌರೀಶನಿಗೆ ಫೋನ್ ಮಾಡಿದೆ. ಎಲ್ಲ ಬಿಡಿಸಿ ಹೇಳಿದೆ. ನೀನು ಒಂದು ಸಲ ರಕ್ತ ಕೊಟ್ಟರೆ ಸಾಕು, ನಿನ್ನದು ಸರಿಯಿದ್ದರೆ ಯಾವ ಭಯವೂ ಇಲ್ಲ ಎಂದೆ.

"ಅರ್ಥ ಆಯ್ತದೆ ಅಕ್ಕ," ಎಂದ. "ನಾನು ಮಾಡ್ಸಲ್ಲ. ನಂದೂ ಅಂಗೇ ಬಂದು, ಅದೂ ಎಲ್ಲಾರಾ ಆಚೆ ಹೋದ್ರೆ? ನಮ್ಮನೇಲೂ ಮದ್ವೆ ಆಗ್ಬೇಕಾದ ತಂಗಿ ಅವ್ಳೆ. ಲೋಹಿತಾಗೆ ಆಗಿದ್ದು ನೋಡಿದ್ನಲ್ಲ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ಅವನು ವೈಶಾಖದಲ್ಲಿ ಬೇರೆ ಹುಡುಗಿಯನ್ನು ಮದುವೆಯಾದ. ಅವನೂ ಪರೀಕ್ಷೆ ಮಾಡಿಸಲಿಲ್ಲ, ಆ ಹುಡುಗಿಯೂ ಮಾಡಿಸಲಿಲ್ಲ. ಡಾಕ್ಟರ ಹತ್ತಿರ ಗುಟ್ಟಾಗಿ ಮಾಡಿಸಿಕೊಳ್ಳಬೇಕಾದ ಒಳ್ಳೆಯ ಪರೀಕ್ಷೆಗೂ ಈಗ ನಮ್ಮ ಕಡೆ ಜನ ಹೆದರುತ್ತಾರೆ. ನಾನು ಮನೆಗಳಿಗೆ ಹೋಗಿ ರಕ್ತ ಪರೀಕ್ಷೆ ಎಂದರೆ ಬಾಗಿಲಲ್ಲೇ, ಲೋಹಿತಾಗೆ ಮಾಡ್ಸಿದ್ರಲ್ಲ ಅಂಥದ್ದಾ ಎಂದು ಕೇಳುತ್ತಾರೆ. ಹನ್ನೊಂದು ವರ್ಷ ತಿರುಗಿ ಹುಟ್ಟಿಸಿದ ನಂಬಿಕೆ ಒಂದು ಡಬ್ಬಿಯಲ್ಲಿ ಹೋಯಿತು.

ಲೋಹಿತಾ ಕಂಪನಿಗೆ ಇಮೇಲ್ ಬರೆದಳು. ನನ್ನ ಮಾಹಿತಿಯನ್ನೆಲ್ಲ ಅಳಿಸಿ, ನನ್ನ ಎಂಜಲನ್ನು ನಾಶ ಮಾಡಿ ಎಂದು ಕೇಳಿದಳು. ಹನ್ನೆರಡು ದಿನದ ಮೇಲೆ ಉತ್ತರ ಬಂತು. ಖಾತೆ ಅಳಿಸಿದ್ದೇವೆ ಎಂದಿದ್ದರು. ಆದರೆ ನೀವು ಕೊಟ್ಟ ಒಪ್ಪಿಗೆಯ ಪ್ರಕಾರ ಬೇರೆ ಸಂಸ್ಥೆಗಳಿಗೆ ಈಗಾಗಲೇ ಹೋಗಿರುವ ಮಾಹಿತಿಯನ್ನು ವಾಪಸ್ ತರಲು ನಮ್ಮಿಂದ ಆಗುವುದಿಲ್ಲ, ಎಂಜಲಿನ ಮಾದರಿಯನ್ನೂ ನಿಮ್ಮ ಒಪ್ಪಿಗೆಯಂತೆ ಸಂಶೋಧನೆಗೆ ಕಳಿಸಿ ಆಗಿದೆ ಎಂದಿದ್ದರು. ಕೆಳಗೆ ಆ ಐದು ಚೌಕದ ಚಿತ್ರ ಲಗತ್ತಿಸಿದ್ದರು. ಐದರಲ್ಲೂ ಟಿಕ್ ಇತ್ತು.

ಅವಳು ಅದನ್ನು ನನಗೆ ತೋರಿಸಿದಾಗ ನಾನು ಆ ಚಿತ್ರ ನೋಡಿ ಸುಮ್ಮನಿರಬಹುದಿತ್ತು. ತಾಯಿಯ ಮೊಬೈಲ್, ಆಗ ಕೊಳವೆ ತುಂಬುವುದರಲ್ಲಿದ್ದ ಅವಳು ಚೌಕ ಯಾರು ಒತ್ತಿದರೆಂದು ನೋಡಿರಲಿಲ್ಲ. ಆದರೆ ಆಗಲಿಲ್ಲ. ಒತ್ತಿದವಳು ನಾನು ಎಂದೆ. ಓದದೆ ಒತ್ತಿದೆ ಎಂದೆ. ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

"ಟಿಕ್ ಮಾಡಿದ್ದು ನೀವು. ಕಳಿಸಿದ್ದು ಅಮ್ಮ. ಓದಿದ್ದು ಊರು," ಎಂದಳು ಲೋಹಿತಾ. "ಮೈ ಮಾತ್ರ ನಂದು. ನನ್ನ ಯಾರಾದ್ರೂ ಕೇಳಿದ್ರಾ ಅಕ್ಕ? ಒಬ್ರಾದ್ರೂ?"

ಅವಳ ದನಿ ಏರಲಿಲ್ಲ. ಒಳಗೆ ದಾಕ್ಷಾಯಣಮ್ಮ ಕೇಳಿಸಿಕೊಂಡರು ಎಂದು ಕಾಣುತ್ತದೆ, ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರು ಆಚೆಗೆ ಬರಲೇ ಇಲ್ಲ. ನಾನು ಮನೆಗೆ ಹೋಗುವ ದಾರಿಯಲ್ಲಿ ಅತ್ತುಬಿಟ್ಟೆ.

ದೀಪಾವಳಿ ಹೊತ್ತಿಗೆ ರುದ್ರಮುನಿ ಮೇಷ್ಟ್ರು ಮನೆಗೆ ಬಂದರು. ಕೆಟ್ಟ ಉದ್ದೇಶವೇನಿರಲಿಲ್ಲ. ದೊಡ್ಡವಳದು ಹೀಗಾಯಿತು, ಚಿಕ್ಕವಳಿಗಾದರೂ ದಾರಿ ಮಾಡೋಣ, ಅವಳದೂ ಒಂದು ಡಬ್ಬಿ ಪರೀಕ್ಷೆ ಮಾಡಿಸಿಬಿಡಿ, ಚೊಕ್ಕಟವಾಗಿ ಬಂದರೆ ನಾನೇ ಗ್ರೂಪಿನಲ್ಲಿ ಹಾಕಿ ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದರು. ಡಬ್ಬಿಯನ್ನು ಜೊತೆಗೇ ತಂದಿದ್ದರು. ರುದ್ರಯ್ಯನವರು ತಲೆ ತಗ್ಗಿಸಿ ಕೂತಿದ್ದರು, ಅವರ ಮನಸ್ಸು ಅರ್ಧ ಒಪ್ಪಿದ್ದು ನನಗೆ ಕಾಣುತ್ತಿತ್ತು. ಈ ಸಲ ನಾನು ಸುಮ್ಮನಿರಲಿಲ್ಲ. ಅಕ್ಕತಂಗಿಯರಲ್ಲಿ ಒಬ್ಬಳಿಗಿದ್ದರೆ ಇನ್ನೊಬ್ಬಳಿಗೂ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲವೆಂದು ಬಂದರೆ ದೊಡ್ಡವಳ ಮೇಲೆ ಇನ್ನೊಂದು ಗೆರೆ ಎಳೆದಂತೆ, ಇದೆಯೆಂದು ಬಂದರೆ ಇಬ್ಬರದೂ ಮುಗಿಯಿತು. ತಿಳಿಯಬೇಕೆನಿಸಿದ ದಿನ ಆ ಹುಡುಗಿ ತಾನೇ ಆಸ್ಪತ್ರೆಗೆ ಹೋಗಲಿ, ಕಾಗದ ಅವಳ ಕೈಗೇ ಬರಲಿ ಎಂದೆ. ಮೇಷ್ಟ್ರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಕೊನೆಗೆ ಮಾತಾಡಿದವರು ದಾಕ್ಷಾಯಣಮ್ಮ. "ಎತ್ಕೊಂಡೋಗಿ ಮೇಷ್ಟ್ರೆ," ಎಂದರು. "ಒಂದು ಮಗೀನ ಬೀದಿಗೆ ನಾನೇ ಹಾಕ್ಬುಟ್ಟೆ, ಈ ಕೈಯಾಗೆ. ಇನ್ನೊಂದನ್ನ ಹಾಕಕಿಲ್ಲ. ಮದ್ವೆ ಆಗ್ದಿದ್ರೆ ನಮ್ಮನೇಲೇ ಇರ್ತಾಳೆ."

ರುದ್ರಯ್ಯನವರು ಎದ್ದು ಡಬ್ಬಿಯನ್ನು ಮೇಷ್ಟ್ರ ಚೀಲಕ್ಕೆ ಹಾಕಿದರು. ಇಷ್ಟು ದಿನದಲ್ಲಿ ಗಂಡಹೆಂಡತಿ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಆ ಮನೆಗೆ ಬುದ್ಧಿ ಬಂತು. ಬೇರೆ ಕಥೆಗಳಲ್ಲಾದರೆ ಇಲ್ಲಿಗೆ ಸುಖ ಬರುತ್ತದೆ. ನಮಗೆ ಬಂದದ್ದು ಬುದ್ಧಿ ಮಾತ್ರ. ಚಿಕ್ಕವಳಿಗೆ ಈವರೆಗೆ ಒಂದು ಸಂಬಂಧವೂ ಬಂದಿಲ್ಲ. ಲೋಹಿತಾ ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಮೊಬೈಲ್ ನೋಡಿ ತಲೆ ಎತ್ತಿದರೆ ಅವಳು ಕಿಟಕಿ ಕಡೆ ತಿರುಗುತ್ತಾಳೆ. ಹೆಣ್ಣು ನೋಡಲು ಯಾರನ್ನೂ ಕರೆಯಬೇಡಿ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ. ಕಾಲ ಎಲ್ಲ ಮರೆಸುತ್ತದೆ ಎಂದು ನಾನು ಒಂದು ಸಲ ಹೇಳಹೋದೆ. ಮೊಬೈಲ್ ಮರೆಯುವುದಿಲ್ಲ ಅಕ್ಕ ಎಂದಳು.

ಈ ಕಥೆಯನ್ನು ಹೊರಗೆ ಕೊಡುವ ಮುಂಚೆ ನಾನು ಅವಳ ಹತ್ತಿರ ಹೋದೆ. ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳಿ, ನಿನ್ನ ಹೆಸರು ಹಾಕಲೋ ಬೇಡವೋ ಎಂದು ಕೇಳಿದೆ. ತಂಗಿಯದು ಬೇಡ, ಅತ್ತೆ ಮಗಳದು ಬೇಡ, ಹುಡುಗನದೂ ಬೇಡ ಎಂದಳು. ಹಾಗೇ ಮಾಡಿದ್ದೇನೆ. ನಿನ್ನದು ಎಂದೆ. ನನ್ನದು ಹಾಕಿ, ಬಚ್ಚಿಡಲು ಇನ್ನೇನು ಉಳಿದಿದೆ ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಸಂಘದಲ್ಲಿ ಓದುತ್ತಿದ್ದರೆ ಸ್ವಲ್ಪ ನಿಧಾನವಾಗಿ ಓದಿ. ವಂಶದ ಪರೀಕ್ಷೆಯ ಡಬ್ಬಿ ನಿಮ್ಮ ಮನೆಗೂ ಬರಬಹುದು. ಬೇಕಾದ ಪರೀಕ್ಷೆಯಾದರೆ ಡಾಕ್ಟರನ್ನು ಕೇಳಿ ಮಾಡಿಸಿ, ಗುಟ್ಟಾಗಿ ಮಾಡಿಸಿ, ಹೆದರಬೇಡಿ. ಡಬ್ಬಿಯಲ್ಲೇ ಮಾಡಿಸಿಕೊಳ್ಳಬೇಕೆನಿಸಿದರೆ ಅದು ಉಗುಳುವವರ ಇಷ್ಟವಾಗಿರಲಿ, ತಾಯಿಯದಲ್ಲ, ಗಂಡಿನವರದಲ್ಲ. ನಂಬರ್ ಅವರದೇ ಇರಲಿ. ಚೌಕ ಒತ್ತುವ ಮುಂಚೆ ಓದಿಸಿ ಕೇಳಿ, ನನ್ನ ಮಾಹಿತಿ ಯಾರಿಗೆ ಹೋಗುತ್ತದೆ, ನನ್ನ ಎಂಜಲನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಕೇಳಿ. ಕಡ್ಡಾಯವಲ್ಲದ ಚೌಕ ಖಾಲಿಯೇ ಇರಲಿ. ವೈಯಕ್ತಿಕ ಮಾಹಿತಿ ಕಾಪಾಡಲು ದೇಶದಲ್ಲಿ ಕಾನೂನು ಬಂದಿದೆ, ಹಂತ ಹಂತವಾಗಿ ಜಾರಿಯಾಗುತ್ತಿದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಮಾಹಿತಿ ಅಳಿಸಿ, ಮಾದರಿ ನಾಶ ಮಾಡಿ ಎಂದು ಬರೆದು ಕೇಳಬಹುದು. ಕಂಪನಿ ಮೋಸ ಮಾಡಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇದನ್ನೆಲ್ಲ ಮೊದಲೇ ಮಾಡಿದರೆ ಮಾತ್ರ ಪ್ರಯೋಜನ. ಆಮೇಲೆ ಮಾಡಿದ್ದರಿಂದ ಏನಾಯಿತು ಎಂದು ನೀವೇ ಓದಿದಿರಿ.

ಕೊನೆಯದಾಗಿ ಒಂದು ಕೇಳಿಕೊಳ್ಳುತ್ತೇನೆ. ಲೋಹಿತಾಳ ಆ ಮೂವತ್ತನಾಲ್ಕು ಪುಟ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ತಿರುಗುತ್ತಿದೆ. ಹೋದ ವಾರವೂ ಒಬ್ಬರು ನನಗೇ ಕಳಿಸಿ, ನೋಡಿದ್ರಾ ಅನುಷಾ ಎಂದು ಕೇಳಿದರು. ನಿಮ್ಮ ಮೊಬೈಲಿನಲ್ಲೂ ಅದು ಇರಬಹುದು. ಎಲ್ಲ ಕಡೆಯಿಂದ ಅದನ್ನು ಅಳಿಸಲು ಇನ್ನು ಯಾರಿಂದಲೂ ಆಗುವುದಿಲ್ಲ ಎಂದು ಗೊತ್ತಿದೆ. ಆದರೂ ನಿಮ್ಮದೊಂದನ್ನು ಅಳಿಸಿ. ತೆರೆದು ನೋಡದೆ ಅಳಿಸಿ.